ಈ ಬಣ್ಣದ ಗುಂಡುಗಳು ಕಲ್ಲಿನ ಪರಮಾಣುಗಳ ಫೋಟೋನಾ?

ಹೇಳಿಕೆ: ಇದು ಕಲ್ಲಿನ ಪರಮಾಣುಗಳ ಫೋಟೋ, ಬಣ್ಣವೂ ಅಸಲಿ.

ನಿಜಾಂಶ: ಇಂಥ ಚಿತ್ರ ನಿಜವಿರಬಹುದು, ಆದರೆ ಅದು ಫೋಟೋ ಅಲ್ಲ. ಕಣ್ಣಿಗೆ ಕಾಣುವ ಬೆಳಕಿನ ತರಂಗ ಸುಮಾರು 400–700 ನ್ಯಾನೋಮೀಟರ್ ಉದ್ದ. ಪರಮಾಣುವಿನ ಅಗಲ ಸಾಮಾನ್ಯವಾಗಿ ಅರ್ಧ ನ್ಯಾನೋಮೀಟರೂ ಇರದು. ಒತ್ತಾಗಿ ಕೂತ ಪರಮಾಣುಗಳನ್ನು ಕ್ಯಾಮೆರಾ ಬಿಡಿಬಿಡಿಯಾಗಿ ತೋರಿಸಲಾರದು.

1986ರಲ್ಲಿ ಬಂದ ಪರಮಾಣು ಬಲ ಸೂಕ್ಷ್ಮದರ್ಶಕ, ಅಂದರೆ ಎಎಫ್‌ಎಂ, ಕತ್ತಲಲ್ಲಿ ಗೋಡೆ ತಡವಿದಂತೆ ಕೆಲಸ ಮಾಡುತ್ತದೆ. ಅದರ ಚೂಪು ಮೊನೆ ಮೇಲ್ಮೈ ಮೇಲೆ ಸಾಲುಸಾಲಾಗಿ ಸಾಗುತ್ತದೆ. ಪರಮಾಣುಗಳು ಸೆಳೆದಾಗ, ತಳ್ಳಿದಾಗ ಮೊನೆ ಇರುವ ಪುಟ್ಟ ಪಟ್ಟಿ ಬಾಗುತ್ತದೆ. ಆ ಅಳತೆಗಳಿಂದ ಕಂಪ್ಯೂಟರ್ ನಕ್ಷೆ ಬರೆಯುತ್ತದೆ. ಉಬ್ಬು-ತಗ್ಗು ತಿಳಿಯಲೆಂದು ಬಣ್ಣ ತುಂಬುತ್ತದೆ.

1993ರಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್‌ನ ಪರಮಾಣುಗಳನ್ನು ನೀರಿನೊಳಗೇ ಹೀಗೆ ಗುರುತಿಸಲಾಯಿತು.

ಫಾರ್ವರ್ಡ್ ಮಾಡುವಾಗ ‘ಫೋಟೋ’ ಬದಲು ‘ತಡವಿ ಬರೆದ ನಕ್ಷೆ’ ಎನ್ನಿ.