ವಾಡಿಯಿಂದ ಧಾರೂರಿಗೆ

ಮುಂಬಯಿಯಿಂದ ಬರುವ ರೈಲು ಹಳಿ ಶಹಾಬಾದ್ ದಾಟಿ ವಾಡಿ ಜಂಕ್ಷನ್ ತಲುಪಿದ ಮೇಲೆ ಎರಡಾಗಿ ಕವಲೊಡೆಯುತ್ತದೆ. ಒಂದು ದಕ್ಷಿಣಕ್ಕೆ ರಾಯಚೂರಿನತ್ತ ಸಾಗುತ್ತದೆ. ಇನ್ನೊಂದು ಪೂರ್ವಕ್ಕೆ ತಿರುಗಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಹಾದು, ರಾಜ್ಯದ ಗಡಿ ದಾಟಿ, ತಾಂಡೂರು, ಧಾರೂರು, ವಿಕಾರಾಬಾದ್ ಮಾರ್ಗವಾಗಿ ಸಿಕಂದರಾಬಾದ್ ಸೇರುತ್ತದೆ. ನವೆಂಬರ್ ತಿಂಗಳಲ್ಲಿ ಈ ಎರಡನೆಯ ದಾರಿಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಮಕ್ಕಳು ಮರಿಗಳೊಡನೆ ಹೊರಡುವವರಲ್ಲಿ ಧಾರೂರಿನ ಜಾತ್ರೆಗೆ ಹೋಗುವವರೂ ಇರುತ್ತಾರೆ. ಹೆಸರು ಜಾತ್ರೆ. ಆದರೆ ಅಲ್ಲಿ ತೇರಿಲ್ಲ, ಮೂರ್ತಿಯಿಲ್ಲ. 1923ರಲ್ಲಿ ಮೆಥೋಡಿಸ್ಟ್ ಕ್ರೈಸ್ತರು ಆರಂಭಿಸಿದ ಪ್ರಾರ್ಥನಾ ಕೂಟ ಅದು. ನೂರು ವರ್ಷ ಕಳೆದರೂ ನಿಂತಿಲ್ಲ; ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಬಂದು ಗುಡಾರ ಹಾಕಿ, ಒಲೆ ಹೂಡಿ, ಹಾಡಿ, ಪ್ರಾರ್ಥಿಸಿ ಹಿಂತಿರುಗುತ್ತಾರೆ.

ಈ ಜನ ಅಲ್ಲಿಂದ ಏನನ್ನು ತರುತ್ತಾರೆ? ಸಮಾಧಾನ, ಧೈರ್ಯ ಎಂದು ಉತ್ತರ ಕೊಟ್ಟುಬಿಡುವುದು ಸುಲಭ. ಆದರೆ ಕಷ್ಟದ ದಿನಗಳಲ್ಲಿ ಧರ್ಮವು ಮನುಷ್ಯನಿಗೆ ಬಲ ಕೊಡುತ್ತದೆ ಎಂಬ ಮಾತನ್ನು ಎಲ್ಲ ಮತಗಳವರೂ ಆಡುತ್ತಾರೆ. ಆ ಬಲ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ವಿವರಿಸುವುದಿಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯ ಕ್ರೈಸ್ತರ ಕಥೆ ಅದಕ್ಕೆ ಒಂದು ಒಳ್ಳೆಯ ನಿದರ್ಶನ.

ಈ ಸೀಮೆಗೆ ಕಷ್ಟ ಹೊಸದಲ್ಲ. ಮಳೆ ಕೈಕೊಟ್ಟರೆ ಕಪ್ಪು ಎರೆಭೂಮಿ ಬಾಯ್ಬಿಡುತ್ತದೆ. 1791–92ರ ಡೋಗಿ ಬರದ ಹೆಸರೇ ತಲೆಬುರುಡೆಯ ನೆನಪು ತರುವಂಥದು. 1876ರಿಂದ 78ರವರೆಗಿನ ಮಹಾಕ್ಷಾಮ ಮೈಸೂರು, ಮದರಾಸು, ಮುಂಬಯಿ ಪ್ರಾಂತಗಳ ಜೊತೆಗೆ ನಿಜಾಮರ ರಾಜ್ಯವನ್ನೂ ಸುಟ್ಟಿತು. ಶತಮಾನದ ಕೊನೆಗೆ ಮತ್ತೆ ಬರ, ಅದರ ಬೆನ್ನಿಗೇ ಪ್ಲೇಗು. 1918ರಲ್ಲಿ ಮುಂಗಾರು ಕೈಕೊಟ್ಟ ವರ್ಷವೇ ಇನ್‌ಫ್ಲುಯೆಂಜಾ ಬಂದು ಭಾರತದಲ್ಲಿ ಕೋಟಿಗೂ ಮೀರಿದ ಜನರನ್ನು ಒಯ್ದಿತು. ಇಂಥ ನೆಲದಲ್ಲಿ ಭಕ್ತಿಯನ್ನು ಜನ ಅಳೆಯುತ್ತಿದ್ದುದು ಅನ್ನದ ಅಳತೆಯಿಂದ. ಕಲಬುರಗಿಯ ಶರಣಬಸವೇಶ್ವರರ (1746–1822) ಹೆಸರು ಇಂದಿಗೂ ಉಳಿದಿರುವುದು ದಾಸೋಹದಿಂದ. ಖಾಜಾ ಬಂದೇನವಾಜರ ದರ್ಗಾದ ಉರುಸಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಕ್ರೈಸ್ತ ಧರ್ಮ ಈ ಕಡೆ ಕಾಲಿಟ್ಟಾಗ ಅದೂ ಇದೇ ಪರೀಕ್ಷೆಗೆ ಒಳಗಾಗಬೇಕಾಯಿತು.

ಅದು ಬಂದದ್ದು ರೈಲಿನ ಬೆನ್ನು ಹಿಡಿದು ಎನ್ನಬಹುದು. ಮುಂಬಯಿ ಕಡೆಯ ಹಳಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡಿತು. ಇದೇ ವರ್ಷಗಳಲ್ಲಿ ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ ಭಾರತಕ್ಕೆ ಬಂದು ಮುಂಬಯಿ, ಮದರಾಸು, ಬೆಂಗಳೂರುಗಳಲ್ಲಿ ಸಭೆಗಳನ್ನು ಕಟ್ಟಿದ. ಅವನ ಹಟ ಒಂದೇ: ವಿದೇಶದ ಮಿಷನ್ ಮಂಡಳಿಯ ಹಣ ಬೇಡ, ಸಭೆಯೇ ತನ್ನ ಬೋಧಕನನ್ನು ಸಾಕಬೇಕು. ಡೇರೆ ಹೊಲಿದು ತನ್ನ ಅನ್ನ ತಾನೇ ಸಂಪಾದಿಸಿದ ಸಂತ ಪೌಲನೇ ಇದಕ್ಕೆ ಮಾದರಿ. ಮೊದಲಿಗೆ ಅವನ ಮಾತು ಕೇಳಿದವರಲ್ಲಿ ಬ್ರಿಟಿಷರೂ ಆಂಗ್ಲೋ ಇಂಡಿಯನ್ನರೂ ಇದ್ದರು. ರೈಲ್ವೆಯವರು ಅವರಲ್ಲಿ ಬಹಳ. ಮಿಷನ್ ಎಂದೊಡನೆ ವಿದೇಶಿ ಹಣವನ್ನೇ ನೆನೆಯುವವರು ಈ ಸಂಗತಿಯನ್ನು ಗಮನಿಸುವುದಿಲ್ಲ. ಸ್ವಾವಲಂಬನೆಯ ನಿಯಮ ಕೊನೆಯವರೆಗೂ ನಿಲ್ಲಲಿಲ್ಲ ಎಂಬುದೂ ನಿಜವೇ. ಮುಂದೆ ಶಾಲೆ, ಆಸ್ಪತ್ರೆಗಳಿಗೆ ಹೊರಗಿನ ಹಣ ಬಂದಿತು.

ರೈಲ್ವೆ ಕ್ವಾರ್ಟರ್ಸಿನಿಂದ ಹಳ್ಳಿಗೆ ಹೋದಾಗ ಕಥೆಯೇ ಬದಲಾಯಿತು. ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಹೊಸ ಮತಕ್ಕೆ ಬಂದವರಲ್ಲಿ ಹೆಚ್ಚಿನವರು ಮಾದಿಗರು, ಹೊಲೆಯರು. ಅವರು ಒಬ್ಬೊಬ್ಬರಾಗಿ ಬರಲಿಲ್ಲ. ಮನೆ ಮನೆಯಾಗಿ, ಕೇರಿ ಕೇರಿಯಾಗಿ ಬಂದರು. ಬಿಟ್ಟಿ ಚಾಕರಿ, ಸಾಲಕ್ಕೆ ಹುಟ್ಟಿದ ಜೀತ ಅವರ ನಿತ್ಯದ ಬಾಳು. ಭಾಗೇಲಾ ಎಂದು ಕರೆಯುತ್ತಿದ್ದ ಈ ಜೀತಪದ್ಧತಿಗೆ ಮಿತಿ ಹಾಕಲು ನಿಜಾಮ್ ಸರ್ಕಾರ ಕಾನೂನು ತಂದದ್ದು 1936ರಲ್ಲಿ. ಕಾನೂನು ಬಂದ ಮಾತ್ರಕ್ಕೆ ಜೀತ ಹೋಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಂಥವರು ಮತ ಬದಲಿಸಿದ್ದು ನಂಬಿಕೆಯಿಂದಲೋ, ಹೊಟ್ಟೆಪಾಡಿಗೋ? ಈ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಮೆಥೋಡಿಸ್ಟರವರೇ ಆದ ಜೆ. ವಾಸ್ಕಮ್ ಪಿಕೆಟ್ ಇದನ್ನು ಮುಚ್ಚಿಡದೆ ದೇಶದ ಹಲವು ಪ್ರದೇಶಗಳಲ್ಲಿ ಜನರನ್ನು ಕೇಳಿಸಿ, 1933ರಲ್ಲಿ ಸಾಮೂಹಿಕ ಮತಾಂತರಗಳ ಬಗೆಗೆ ಒಂದು ಪುಸ್ತಕ ಬರೆದ. ಕೆಲವರು ದೇವರಿಗಾಗಿ ಬಂದಿದ್ದರು, ಕೆಲವರು ಮರ್ಯಾದೆಗಾಗಿ, ಕೆಲವರು ಜಮೀನ್ದಾರನ ಕಾಟದಿಂದ ರಕ್ಷಣೆ ಬೇಡಿ, ಇನ್ನು ಕೆಲವರು ನೆಂಟರಿಷ್ಟರೆಲ್ಲ ಬಂದರೆಂದು. ಬಂದ ಕಾರಣಕ್ಕಿಂತ ಬಂದ ಮೇಲೆ ಅವರಿಗೆ ಸಿಕ್ಕ ಕಲಿಕೆ, ಆರೈಕೆಗಳೇ ಅವರ ಮುಂದಿನ ಬಾಳನ್ನು ಹೆಚ್ಚು ನಿರ್ಧರಿಸಿದವು ಎಂಬುದು ಅವನ ತೀರ್ಮಾನದ ಸಾರ. ಇದು ವಿವೇಕದ ಮಾತು. ಹಸಿದವನು ಅನ್ನಕ್ಕೆ ಬಂದ ಎಂದು ಹಂಗಿಸುವವರು ಸಾಮಾನ್ಯವಾಗಿ ಹಸಿದವರಲ್ಲ.

ಆ ಆರೈಕೆ ಎಂಥದು ಎಂದು ತಿಳಿಯಲು ಸ್ವಲ್ಪ ದೂರ, ಇಂಗ್ಲೆಂಡಿನ ಬ್ರಿಸ್ಟಲ್‌ವರೆಗೆ ಹೋಗಬೇಕು. ಮೆಥೋಡಿಸ್ಟ್ ಪಂಥ ಬೆಳೆದದ್ದು ದುಡಿಯುವವರ ನಡುವೆ. 1739ರಲ್ಲಿ ಜಾರ್ಜ್ ವಿಟ್‌ಫೀಲ್ಡ್, ಆಮೇಲೆ ಜಾನ್ ವೆಸ್ಲಿ ಬ್ರಿಸ್ಟಲ್ ಸಮೀಪದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಿನಲ್ಲಿ ನಿಂತು ಬೋಧಿಸಿದರು. 1742ರಲ್ಲಿ ಬ್ರಿಸ್ಟಲ್ಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸುವ ಪ್ರಶ್ನೆ ಬಂದಾಗ ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂತು. ಬಡವರಿಗೆ ಅದೂ ಕಷ್ಟ ಎಂದಾಗ ಕ್ಯಾಪ್ಟನ್ ಫಾಯ್ ಎಂಬಾತ, ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಬಿಡಿ, ಅವರಿಂದಾಗದಿದ್ದರೆ ತಾನೇ ಕೊಡುತ್ತೇನೆ ಎಂದ. ಹಾಗೆ ಹನ್ನೆರಡರ ಗುಂಪುಗಳಾದವು. ಗುಂಪಿನ ಮುಖ್ಯಸ್ಥ ಪೆನ್ನಿ ಕೇಳಲು ವಾರಕ್ಕೊಮ್ಮೆ ಮನೆ ಬಾಗಿಲಿಗೆ ಹೋದಾಗ ಯಾರು ಕಾಯಿಲೆ ಬಿದ್ದಿದ್ದಾರೆ, ಯಾರ ಒಲೆ ಉರಿದಿಲ್ಲ, ಯಾರು ಮತ್ತೆ ಕುಡಿಯಲು ತೊಡಗಿದ್ದಾರೆ ಎಂಬುದೆಲ್ಲ ತಿಳಿಯಿತು. ಸಾಲ ತೀರಿಸಲು ಹುಟ್ಟಿದ ಏರ್ಪಾಡು ಜನರನ್ನು ವಿಚಾರಿಸಿಕೊಳ್ಳುವ ಏರ್ಪಾಡಾಯಿತು.

ಕಷ್ಟಕಾಲದಲ್ಲಿ ನಂಬಿಕೆ ಬಲ ಕೊಡುವುದರ ಒಂದು ಗುಟ್ಟು ಇಲ್ಲಿದೆ. ಒಬ್ಬನೇ ಕುಳಿತು ಧ್ಯಾನಿಸಿ ಗಳಿಸುವ ಬಲ ಇದಲ್ಲ. ಯಾರೋ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗುತ್ತಾರೆ. ಊರಿನ ಬಾವಿಗೂ ಗುಡಿಗೂ ದೂರವಾಗಿದ್ದ ಕೇರಿಯಲ್ಲಿ, ಹೆಸರಿನ ಬದಲು ಜಾತಿಯಿಂದಲೇ ಕರೆಸಿಕೊಂಡವರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಹೊಲದ ಕೂಲಿ ಮುಗಿಸಿ ಬಂದವರಿಗೆ ಅನುಕೂಲವಾಗಲೆಂದು ಹಳ್ಳಿಯ ಆರಾಧನೆ ಕತ್ತಲಾದ ಮೇಲೆ ನಡೆಯುತ್ತಿತ್ತು. ಓದು ಬಾರದವರಿಗೆ ವೇದಪಾಠ ಹಾಡಿನಲ್ಲಿ ಸಿಕ್ಕಿತು. ತಾಳ, ಹಾರ್ಮೋನಿಯಂಗಳ ಜೊತೆ, ಭಜನೆಯ ಧಾಟಿಯಲ್ಲಿ, ಗಡಿಯ ಕಡೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹಾಡುವುದು ಇಲ್ಲಿಯವರಿಗೆ ಹೊಸತೇನಲ್ಲ. ಪೌಲ, ಸೀಲರು ಸೆರೆಮನೆಯಲ್ಲಿ ಕಾಲಿಗೆ ಕೋಳ ಬಿದ್ದಿದ್ದಾಗಲೂ ನಡುರಾತ್ರಿ ಹಾಡಿದರು ಎಂಬ ಪ್ರಸಂಗ ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ. ಜೀತದವನಿಗೆ ಅದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ.

ಇನ್ನೊಂದು ಗುಟ್ಟು ಸತ್ಯವೇದದ ಒಳಗೇ ಇದೆ. ಕನ್ನಡದಲ್ಲಿ ಇಡೀ ಸತ್ಯವೇದ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಅಚ್ಚಾಯಿತು. ಅದರ ನಡುವೆ ಇರುವ 150 ಕೀರ್ತನೆಗಳನ್ನು ಬರಿಯ ಸ್ತುತಿಪದಗಳು ಎಂದು ತಿಳಿದವರು ಬಹಳ. ಹಾಗೆ ನೋಡಿದರೆ ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳು, ದೂರು. ದೇವರು ಎಲ್ಲಿ ಹೋದ, ಯಾಕೆ ಕಿವಿಗೊಡಲಿಲ್ಲ, ಕೆಟ್ಟವರು ಹೇಗೆ ಬೆಳೆಯುತ್ತಾರೆ ಎಂದು ಎದುರು ನಿಂತು ಕೇಳುವ ಪದಗಳು. ಎಲ್ಲವನ್ನೂ ಕಳೆದುಕೊಂಡ ಯೋಬ, ಸಮಾಧಾನ ಹೇಳಲು ಬಂದ ಗೆಳೆಯರೊಂದಿಗೆ ವಾದಕ್ಕೆ ಇಳಿಯುತ್ತಾನೆ. ನೀನು ಪಾಪ ಮಾಡಿರಬೇಕು, ಅದಕ್ಕೇ ಈ ಶಿಕ್ಷೆ ಎಂದ ಗೆಳೆಯರ ಮಾತನ್ನು ಆ ಗ್ರಂಥದಲ್ಲಿ ದೇವರೇ ತಳ್ಳಿಹಾಕುತ್ತಾನೆ. ಹುಟ್ಟಿದ ಜಾತಿಯೇ ಹಿಂದಿನ ಜನ್ಮದ ಪಾಪದ ಫಲ ಎಂದು ಕೇಳುತ್ತ ಬಂದವರ ಕಿವಿಗೆ ಇದು ಬೇರೆಯಾಗಿಯೇ ಕೇಳಿಸಿರಬೇಕು. ಅಳುವುದಕ್ಕೂ ದೂರುವುದಕ್ಕೂ ಅವಕಾಶವಿರುವ ಪ್ರಾರ್ಥನೆ, ಎಲ್ಲವೂ ಒಳ್ಳೆಯದಕ್ಕೇ ಎನ್ನುವ ಪ್ರಾರ್ಥನೆಗಿಂತ ಹೆಚ್ಚು ಕಾಲ ಬಾಳುತ್ತದೆ.

ಇವೆರಡೂ ಒಟ್ಟಿಗೆ ಸೇರುವ ಜಾಗ ಜಾತ್ರೆ. ನವೆಂಬರಿನಲ್ಲಿ ತೊಗರಿ ಹೂವು ಕಾಯಿ ಹಿಡಿಯುತ್ತಿರುತ್ತದೆ, ಹಿಂಗಾರಿ ಜೋಳ ಮೇಲೆದ್ದಿರುತ್ತದೆ, ರಾಶಿಗೆ ಇನ್ನೂ ಸಮಯವಿದೆ. ರೈತಾಪಿ ಜನಕ್ಕೆ ಮೈ ಕೊಡವಿಕೊಳ್ಳಲು ಸಿಗುವ ಬಿಡುವು ಅದು. ಹಳ್ಳಿಯಲ್ಲಿ ಹತ್ತು ಮನೆಯ ಸಭೆಯವರು ಅಲ್ಲಿ ಸಾವಿರಾರು ಜನರ ನಡುವೆ ಕೂರುತ್ತಾರೆ. ಮೊದಲಿನ ಜಾತ್ರೆಗಳನ್ನು ಬಿಟ್ಟು ಬಂದವರಿಗೆ ಬಿಟ್ಟದ್ದರ ಜಾಗದಲ್ಲಿ ಏನಾದರೂ ಬೇಕಿತ್ತು. ಇಲ್ಲವಾದರೆ ವರ್ಷದಲ್ಲಿ ಒಂದು ದೊಡ್ಡ ಖಾಲಿ ಉಳಿಯುತ್ತಿತ್ತು. ಬೀಗರನ್ನು ನೋಡುವುದು, ಹೆಣ್ಣು ಗಂಡು ಗೊತ್ತು ಮಾಡುವುದು ಯಾವ ಜಾತ್ರೆಯಲ್ಲೂ ಇದ್ದದ್ದೇ. ಕೂಟವನ್ನು ಜಾತ್ರೆ ಎಂದು ಕರೆದವರಿಗೆ ಈ ಮಣ್ಣಿನ ಗುಣ ಗೊತ್ತಿತ್ತು.

ಈ ಬಲಕ್ಕೆ ಮಿತಿಯೂ ಇತ್ತು. ಮತ ಬದಲಾದರೂ ಕೇರಿ ಬದಲಾಗಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಅನ್ವಯವಾಯಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು, ಕ್ರೈಸ್ತರನ್ನು ಸೇರಿಸಲಿಲ್ಲ. ಹೀಗಾಗಿ ಅದೇ ಕೇರಿಯ ಅದೇ ವಂಶದವನು ಕಾಗದದಲ್ಲಿ ಕ್ರೈಸ್ತ ಎಂದು ಬರೆಸಿದರೆ ಮೀಸಲಾತಿಯಲ್ಲಿ ಪರಿಶಿಷ್ಟ ಜಾತಿಯ ಹಕ್ಕು ಕಳೆದುಕೊಳ್ಳುತ್ತಾನೆ. ಭಾನುವಾರ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಎಂಬ ಇಬ್ಬಂದಿ ದೇಶದ ಎಷ್ಟೋ ದಲಿತ ಕ್ರೈಸ್ತ ಕುಟುಂಬಗಳಿಗೆ ಹೊಸತಲ್ಲ. ಈ ವಿಷಯ ಪರಿಶೀಲಿಸಲು ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿದ್ದು 2022ರಲ್ಲಿ. ನಂಬಿಕೆಗೆ ಬೆಲೆ ತೆರುವುದು ಎಂದರೆ ಇಲ್ಲಿ ಬರಿಯ ಅಲಂಕಾರದ ಮಾತಲ್ಲ.

1956ರ ನವೆಂಬರ್ 1ರಂದು ಇನ್ನೊಂದು ಗೆರೆ ಬಿತ್ತು. ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸೇಡಂ, ಚಿಂಚೋಳಿಯವರಿಗೆ ಧಾರೂರಿನ ದಾರಿ ಪರರಾಜ್ಯದ ದಾರಿಯಾಯಿತು. ಚಿಂಚೋಳಿಗೆ ರೈಲು ಕೂಡ ಇಲ್ಲ; ಅಲ್ಲಿಯವರು ರಸ್ತೆಯಲ್ಲಿ ತಾಂಡೂರಿಗೋ ಸೇಡಂಗೋ ಬಂದು ಗಾಡಿ ಹಿಡಿಯಬೇಕು. ಜಾತ್ರೆಗೆ ಹೋಗುವುದು ಮಾತ್ರ ನಿಲ್ಲಲಿಲ್ಲ.

ಕಷ್ಟದ ರೂಪವೂ ಬದಲಾಯಿತು. ಈ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲು. ಫರ್ಸಿಯಾಗಿ ಸೀಳಿದರೆ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು, ಸುಟ್ಟು ಪುಡಿ ಮಾಡಿದರೆ ಸಿಮೆಂಟು. 1936ರಲ್ಲಿ ಎ.ಸಿ.ಸಿ.ಯಲ್ಲಿ ವಿಲೀನವಾದ ಕಂಪನಿಗಳಲ್ಲಿ ಶಹಾಬಾದಿನದೂ ಒಂದು. ಆ ಬಳಿಕ ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಕಾರ್ಖಾನೆಗಳೆದ್ದವು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿತು. ಗಣಿಯ ದೂಳು, ಕಾಯಂ ಅಲ್ಲದ ಕೂಲಿ, ಬೀಗ ಬಿದ್ದ ಗೇಟು, ಮುಂಬಯಿ ಪುಣೆಗಳಿಗೆ ದುಡಿಯಲು ಹೋದ ಮಕ್ಕಳು: ಕಿಂಗ್ಸ್‌ವುಡ್ಡಿನ ಕೂಲಿಗಳಿಗೆ ಈ ಊರುಗಳು ಅಷ್ಟೇನೂ ಅಪರಿಚಿತ ಎನಿಸುತ್ತಿರಲಿಲ್ಲ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಆ ವರ್ಷದ ಈಸ್ಟರ್, ಏಪ್ರಿಲ್ 12, ಲಾಕ್‌ಡೌನಿನಲ್ಲಿ ಕಳೆಯಿತು. ಕೂಡುವುದರಿಂದಲೇ ಬಲ ಪಡೆಯುತ್ತ ಬಂದ ನಂಬಿಕೆಗೆ ಕೂಡಬಾರದು ಎಂಬ ಆಜ್ಞೆಗಿಂತ ದೊಡ್ಡ ಪರೀಕ್ಷೆ ಬೇರೆ ಯಾವುದಿದ್ದೀತು? ಪ್ರಾರ್ಥನೆ ಫೋನಿಗೆ ಬಂತು, ಮನೆಯೊಳಗಿನ ನಾಲ್ಕು ಜನರೇ ಸಭೆಯಾದರು. ಹೆಣದ ಹಿಂದೆ ಹಾಡುತ್ತ ಹೋಗುವ ಪದ್ಧತಿಗೆ ಮಾತ್ರ ಬದಲಿ ಸಿಗಲಿಲ್ಲ. ಅದೇ ಅಕ್ಟೋಬರಿನಲ್ಲಿ, ತಾಂಡೂರಿನ ಕಡೆಯಿಂದ ಹರಿದು ಮಳಖೇಡದ ಕೋಟೆ ಬದಿಯಿಂದ ಸಾಗುವ ಕಾಗಿಣಾ ಉಕ್ಕಿ ಹೊಲ ಮನೆಗಳನ್ನು ಮುಳುಗಿಸಿತು. ಫೋನಿನಲ್ಲಿ ಪ್ರಾರ್ಥಿಸಿದ್ದವರು ಆಗ ಬುಟ್ಟಿ ಸಲಿಕೆ ಹಿಡಿದು ಕೆಸರು ಎತ್ತಬೇಕಾಯಿತು.

ಮೆಥೋಡಿಸ್ಟ್ ಚರ್ಚ್ 1981ರಿಂದ ಭಾರತದಲ್ಲಿ ಸ್ವಾಯತ್ತ. ಕಥೊಲಿಕರಿಗೆ ಕಲಬುರಗಿಯೇ ಕೇಂದ್ರವಾದ ಧರ್ಮಪ್ರಾಂತ 2005ರಲ್ಲಿ ಆಯಿತು. ಹೊಸ ಪೆಂಟೆಕೊಸ್ಟ್ ಸಭೆಗಳೂ ಬಂದಿವೆ. ಅವರವರ ಪದ್ಧತಿ ಅವರವರದು. ನವೆಂಬರಿನಲ್ಲಿ ಪೂರ್ವದ ಹಳಿಯ ಮೇಲೆ ಹೊರಟ ಗಾಡಿ ಸೇಡಂ ಬಿಟ್ಟ ಮೇಲೆ ಮಾತು ನಿಧಾನಕ್ಕೆ ತೆಲುಗಿಗೆ ತಿರುಗುತ್ತದೆ. ಧಾರೂರಿನಲ್ಲಿ ಇಳಿದವರು ಗಂಟು ತಲೆಯ ಮೇಲಿಟ್ಟು, ಒಲೆಗೆ ಮೂರು ಕಲ್ಲು ಎಲ್ಲಿ ಸಿಕ್ಕಾವು ಎಂದು ನೋಡುತ್ತ ನಡೆಯುತ್ತಾರೆ.