ಸೈಕಲ್ ಯಾತ್ರಿಕರ ಒಂದು ದಿನ

ಪ್ರಶ್ನೆ: ತಿಂಗಳುಗಟ್ಟಲೆ ಗುಂಪಿನಲ್ಲಿ ಸೈಕಲ್ ಪ್ರವಾಸ ಹೋಗುವವರು ದಿನವಿಡೀ ಜೊತೆಯಲ್ಲೇ ತುಳಿಯುತ್ತಾರೆಯೇ? ಊಟ, ನಿದ್ದೆ ಎಲ್ಲಿ?

ಉತ್ತರ: ಇಲ್ಲ, ಎಲ್ಲರೂ ಒಟ್ಟಾಗುವುದು ಹೆಚ್ಚಾಗಿ ಊಟದ ಹೊತ್ತಿಗೇ. 2003ರಲ್ಲಿ ಶುರುವಾದ ‘ಟೂರ್ ಡಾಫ್ರಿಕ್’ ನೋಡಿ. ಕೈರೋದಿಂದ ಕೇಪ್‌ಟೌನ್‌ವರೆಗೆ ಸುಮಾರು ನಾಲ್ಕು ತಿಂಗಳ ಹಾದಿ. ಬೆಳಗಾಗುತ್ತಲೇ ಟೆಂಟ್ ಮಡಚಿ, ಚೀಲ ಲಾರಿಗೆ ಹಾಕಿ, ಓಟ್ಸ್ ಗಂಜಿ ಕುಡಿದು ಹೊರಡಬೇಕು. ಆಮೇಲೆ ಅವರವರ ವೇಗ ಅವರವರಿಗೆ. ತಿರುವುಗಳಲ್ಲಿ ಕಂಬಕ್ಕೋ ಗಿಡಕ್ಕೋ ಕಟ್ಟಿದ ಬಣ್ಣದ ಪಟ್ಟಿಯೇ ದಾರಿ ತೋರಿಸುತ್ತದೆ. ನಡುದಾರಿಯಲ್ಲಿ ಊಟದ ಗಾಡಿ ಕಾದಿರುತ್ತದೆ. ನೂರು ಕಿ.ಮೀ. ದಾಟುವ ದಿನಗಳೇ ಹೆಚ್ಚು. ಇಥಿಯೋಪಿಯಾ ಮೂಲಕ ಸಾಗಿದ ವರ್ಷಗಳಲ್ಲಿ ನೀಲಿ ನೈಲ್ ಕಣಿವೆಯ ಏರು ಎಂಥವರನ್ನೂ ಹೈರಾಣಾಗಿಸುತ್ತಿತ್ತು. ಸುಸ್ತಾದವರು ಲಾರಿ ಹತ್ತಬಹುದು. ಒಂದಿಂಚೂ ಬಿಡದೆ ತುಳಿಯುವ ಹಟದವರು ಮಾತ್ರ ಅತ್ತ ತಿರುಗಿಯೂ ನೋಡರು.

ಶಿಬಿರ ತಲುಪಿದೊಡನೆ ಬಿಸಿ ಸೂಪ್. ಬೆವರಲ್ಲಿ ಹೋದ ನೀರು, ಉಪ್ಪು ಮರಳಬೇಕಲ್ಲ! ನಂತರ ಟೆಂಟ್ ಹಾಕುವುದು, ಚೈನಿನ ಧೂಳು ಒರೆಸಿ ಎಣ್ಣೆ ಬಿಡುವುದು, ಟ್ಯೂಬಿಗೆ ಪ್ಯಾಚ್ ಹಾಕುವುದು. ಊಟಕ್ಕೆ ಮುಂಚೆ ಬಿಳಿ ಹಲಗೆಯ ಮುಂದೆ ಸಭೆ: ನಾಳೆ ಎಷ್ಟು ದೂರ, ಎಲ್ಲಿ ಏರು, ಎಲ್ಲಿ ತಿರುವು. ತಮ್ಮ ತಟ್ಟೆ ತಾವೇ ತೊಳೆದಿಟ್ಟು, ಕತ್ತಲಾದ ಸ್ವಲ್ಪ ಹೊತ್ತಿಗೆಲ್ಲ ಗೊರಕೆ.