ನಿಮಗಿದು ಗೊತ್ತೇ? ಬಿತ್ತಿದರೆ ದಂಡ, ಬೀಳು ಬಿಟ್ಟರೆ ಬಹುಮಾನ!

ಸ್ವಂತ ಹೊಲ, ಸ್ವಂತ ದುಡಿಮೆ. ಬೆಳೆದ ಗೋಧಿ ಮನೆಯ ರೊಟ್ಟಿಗೆ, ಕೊಟ್ಟಿಗೆಯ ದನಕ್ಕೆ, ಮುಂದಿನ ಬಿತ್ತನೆಗೆ. ಅದಕ್ಕೂ ದಂಡ ಬೀಳುತ್ತದೆಯೇ? ಬಿದ್ದಿದೆ! ಅಮೆರಿಕದ ಓಹಾಯೊ ರಾಜ್ಯದ ರೈತ ರಾಸ್ಕೋ ಫಿಲ್ಬರ್ನ್‌ಗೆ ಪೇಟೆಯ ಬೆಲೆ ಕುಸಿಯದಿರಲೆಂದು 1941ರ ಗೋಧಿ ಬೆಳೆಗೆ ಸರ್ಕಾರ ಗೊತ್ತುಮಾಡಿದ್ದ ಮಿತಿ 11.1 ಎಕರೆ. ನಮ್ಮ ಲೆಕ್ಕದಲ್ಲಿ 11 ಎಕರೆ 4 ಗುಂಟೆ. ಈತ ಬಿತ್ತಿದ್ದು 23 ಎಕರೆ!

ಹೆಚ್ಚುವರಿ ನೆಲದಲ್ಲಿ ಬಂದದ್ದು 239 ಬುಷೆಲ್, ಅಂದರೆ ಸುಮಾರು 65 ಕ್ವಿಂಟಲ್ ಗೋಧಿ. ದಂಡ 117 ಡಾಲರ್ 11 ಸೆಂಟ್. ಇನ್ನೊಂದು ವಿಚಿತ್ರ ಕೇಳಿ. ಬಿತ್ತುವಾಗ ದಂಡದ ದರ ಬುಷೆಲ್‌ಗೆ 15 ಸೆಂಟ್ ಇತ್ತು. ಪೈರು ಎದ್ದು ನಿಂತ ಮೇಲೆ ಅದು 49 ಸೆಂಟ್ ಆಯಿತು!

ಫಿಲ್ಬರ್ನ್ ಸುಮ್ಮನಿರಲಿಲ್ಲ, ಕೃಷಿ ಸಚಿವರ ಮೇಲೆಯೇ ದಾವೆ ಹೂಡಿದ. ಕೆಳ ನ್ಯಾಯಾಲಯದಲ್ಲಿ ಗೆದ್ದ. ಆದರೆ 1942ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸರ್ಕಾರದ ಪರ ನಿಂತಿತು. ಮನೆಯಲ್ಲೇ ಗೋಧಿ ಬೆಳೆದುಕೊಂಡವನು ಪೇಟೆಯಲ್ಲಿ ಕೊಳ್ಳುವುದಿಲ್ಲ. ಎಲ್ಲರೂ ಹಾಗೆ ಮಾಡಿದರೆ ಪೇಟೆಯ ಬೆಲೆ ಕುಸಿಯುತ್ತದೆ. ಇದು ಕೋರ್ಟಿನ ವಾದ. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಈ ತೀರ್ಪು ಓದುತ್ತಾರೆ!

ಮಿಷಿಗನ್‌ನ ಸ್ಟ್ಯಾನ್ಲಿ ಯಾಂಕಸ್ ಕಥೆ ಇನ್ನೂ ಮನಸ್ಸು ಕಲಕುವಂಥದ್ದು. ತಾನು ಬೆಳೆದ ಗೋಧಿಯನ್ನು ತನ್ನ ಕೋಳಿಗಳಿಗೇ ಹಾಕಿದ. ದಂಡ ಬಿತ್ತು. ಬೇಸತ್ತು 1959ರಲ್ಲಿ ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೇ ಹೊರಟುಹೋದ!

ಯಾರು ಎಷ್ಟು ಬಿತ್ತಿದ್ದಾರೆಂದು ಸರ್ಕಾರಕ್ಕೆ ಗೊತ್ತಾಗುವುದು ಹೇಗೆ? ಉಪಗ್ರಹಗಳು ಇನ್ನೂ ಹುಟ್ಟದ 1930ರ ದಶಕದಲ್ಲೇ ಅಮೆರಿಕದಲ್ಲಿ ವಿಮಾನ ಹಾರಿಸಿ ಹೊಲಗಳ ಫೋಟೊ ತೆಗೆದರು. ಆಮೇಲೆ ಮೇಜಿನ ಮೇಲೆ ಫೋಟೊ ಹರಡಿ, ಸಣ್ಣ ಉಪಕರಣವೊಂದನ್ನು ಹೊಲದ ಬದುವಿನ ಗೆರೆಯುದ್ದಕ್ಕೂ ಓಡಿಸಿ ಎಕರೆ ಲೆಕ್ಕ ಹಾಕುತ್ತಿದ್ದರು. ಅಬ್ಬಾ!

ಈಗ ಉಲ್ಟಾ ಕಥೆ. 1983ರಲ್ಲಿ ಅಮೆರಿಕದ ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಸರ್ಕಾರ ಏನು ಮಾಡಿತು ಗೊತ್ತೇ? ಬಿತ್ತದೇ ಇದ್ದವರಿಗೆ ಹಣದ ಬದಲು ಧಾನ್ಯವನ್ನೇ ಕೊಟ್ಟಿತು! ಗೋಧಿ ಬೆಳೆಗಾರರಿಗೆ ಬೀಳು ಬಿಟ್ಟ ನೆಲದ ಮಾಮೂಲಿ ಇಳುವರಿಯ ಶೇ 95ರಷ್ಟು. ಉಳಲಿಲ್ಲ, ಕೊಯ್ಯಲಿಲ್ಲ, ಆದರೂ ಕಣಜ ತುಂಬಿತು! ಆ ವರ್ಷ ಬೀಳು ಬಿದ್ದ ನೆಲ 7 ಕೋಟಿ ಎಕರೆಗೂ ಹೆಚ್ಚು.

ಅನ್ನವೇ ಉಸಿರಾದ ಜಪಾನ್ ಕೂಡ ಭತ್ತ ಕಡಿಮೆ ಬೆಳೆಯಿರಿ ಎಂದು ರೈತರಿಗೆ ಹಣ ಕೊಟ್ಟಿತು. 1970ರ ಸುಮಾರಿಗೆ ಶುರುವಾದ, ಎಷ್ಟು ಬೆಳೆಯಬೇಕೆಂದು ಸರ್ಕಾರವೇ ಮಿತಿ ಹಂಚುವ ಈ ಪದ್ಧತಿ ನಿಂತದ್ದು 2018ರಲ್ಲಿ!

ಯುರೋಪಿನಲ್ಲಿ 1993ರಿಂದ ಸರ್ಕಾರಿ ನೆರವು ಬೇಕೆನ್ನುವ ದೊಡ್ಡ ರೈತರು ಒಂದಿಷ್ಟು ನೆಲ, ಮೊದಲಿಗೆ ಶೇ 15ರಷ್ಟು, ಬೀಳು ಬಿಡಲೇಬೇಕಿತ್ತು. ಅಲ್ಲೊಂದು ಚಂದದ ಕಿಂಡಿ ಇತ್ತು. ಆ ನೆಲದಲ್ಲಿ ಊಟಕ್ಕಲ್ಲದ ಬೆಳೆ ಹಾಕಬಹುದಿತ್ತು. ಹಾಗಾಗಿ ಎಷ್ಟೋ ‘ಬೀಳು’ ಹೊಲಗಳು ಡೀಸೆಲ್‌ಗೆ ಬಳಸುವ ಎಣ್ಣೆಕಾಳಿನ ಹಳದಿ ಹೂ ತೊಟ್ಟು ನಿಂತಿದ್ದವು! 2007ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿತು. ಶೇಕಡಾವಾರು ಸೀದಾ ಸೊನ್ನೆಗಿಳಿಯಿತು. ಮರುವರ್ಷ ನಿಯಮವನ್ನೇ ಕೈಬಿಡಲು ತೀರ್ಮಾನವಾಯಿತು!